ವಿದೇಶದಲ್ಲಿ ಮ್ಯಾನೇಜ್‌ಮೆಂಟ್ ತರಬೇತಿ, ಕಂಪನಿ ಭೇಟಿ: ಯಾವ ಕಾರ್ಯಕ್ರಮ ಯಾರಿಗೆ?

ಮ್ಯಾನೇಜರ್‌ಗಳನ್ನು ಹೊರದೇಶಕ್ಕೆ ತರಬೇತಿಗೆ ಕಳಿಸೋಣ ಎಂದು ಕಂಪನಿ ತೀರ್ಮಾನಿಸಿದ ಕೂಡಲೇ ಮೇಜಿನ ಮೇಲೆ ಬ್ರೋಷರ್‌ಗಳು ಬಂದು ಬೀಳುತ್ತವೆ. ಜಪಾನಿನ ಎರಡು ವಾರದ ಕೋರ್ಸ್, ಜರ್ಮನಿಯ ಕೆಲವು ವಾರಗಳ ಕಾರ್ಯಕ್ರಮ, ದೊಡ್ಡ ಬಿಸಿನೆಸ್ ಸ್ಕೂಲಿನಲ್ಲಿ ಹಿರಿಯ ಅಧಿಕಾರಿಗಳಿಗೆಂದೇ ನಡೆಯುವ ತರಗತಿ, ಖಾಸಗಿ ಸಂಸ್ಥೆಯ ಒಂದು ವಾರದ ಕಾರ್ಖಾನೆ ಪ್ರವಾಸ. ಎಲ್ಲದರಲ್ಲೂ ಫೋಟೊ ಒಂದೇ ಥರ: ಹೆಲ್ಮೆಟ್ ಹಾಕಿಕೊಂಡವರು ಗೇಟಿನ ಮುಂದೆ ಸಾಲಾಗಿ ನಿಂತಿರುತ್ತಾರೆ. ಬರೆದಿರುವ ಮಾತೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಆಯ್ಕೆ ಬಹಳ ಸಲ ಖರ್ಚು ನೋಡಿಯೋ ಹೆಸರು ನೋಡಿಯೋ ನಡೆದುಬಿಡುತ್ತದೆ.

ಈ ಎರಡು ಅಳತೆಯೂ ಸಾಲದು. ನಾನು ಯಾವ ಕಾರ್ಯಕ್ರಮದ ವೇಳಾಪಟ್ಟಿ ಕೈಗೆ ಬಂದರೂ ಮೊದಲು ಹುಡುಕುವುದು ಒಂದೇ ಸಂಗತಿಯನ್ನು: ಹೋದವರು, ತಮ್ಮಂಥದ್ದೇ ಕೆಲಸ ಮಾಡುವ ಅಲ್ಲಿನ ಒಬ್ಬರ ಎದುರು ಕೂತು, ತಮ್ಮದೇ ಪ್ರಶ್ನೆ ಕೇಳಲು ಎಷ್ಟು ಹೊತ್ತು ಸಿಗುತ್ತದೆ? ಪ್ಲಾನಿಂಗ್ ಮ್ಯಾನೇಜರ್‌ಗೆ ಅಲ್ಲಿನ ಪ್ಲಾನಿಂಗ್ ಮ್ಯಾನೇಜರ್ ಸಿಗಬೇಕು, ಶಾಪ್‌ಫ್ಲೋರ್ ಸೂಪರ್‌ವೈಸರ್‌ಗೆ ಸೂಪರ್‌ವೈಸರ್. ಪಬ್ಲಿಕ್ ರಿಲೇಷನ್ಸ್ ವಿಭಾಗದವರು ಎಷ್ಟೇ ಆದರದಿಂದ ಸುತ್ತಾಡಿಸಿದರೂ ಆ ಮಾತುಕತೆ ಹುಟ್ಟುವುದಿಲ್ಲ. ಮುಂದೆ ಬರುವ ಹೋಲಿಕೆಗೆಲ್ಲ ಇದೇ ಅಳತೆಗೋಲು.

ನೋಡಿ ಕಲಿತವರು ಏನು ಮಾಡಿದ್ದರು

ಬೇರೆಯವರ ಕಾರ್ಖಾನೆ ನೋಡಿ ಕಲಿಯುವುದಕ್ಕೆ ಒಳ್ಳೆಯ ಇತಿಹಾಸವಿದೆ. ಎರಡನೇ ಮಹಾಯುದ್ಧದ ನಂತರ, 1948ರಲ್ಲಿ, ಬ್ರಿಟನ್ ಮತ್ತು ಅಮೆರಿಕ ಉತ್ಪಾದಕತೆಗೆಂದೇ ಒಂದು ಜಂಟಿ ಮಂಡಳಿ ಮಾಡಿದವು. ಮುಂದಿನ ನಾಲ್ಕು ವರ್ಷಗಳಲ್ಲಿ 66 ತಂಡಗಳು ಅಮೆರಿಕದ ಉದ್ಯಮಗಳನ್ನು ನೋಡಿ ಬಂದವು. ತಂಡದಲ್ಲಿ ಮ್ಯಾನೇಜರ್‌ಗಳ ಜೊತೆ ತಂತ್ರಜ್ಞರೂ ಕಾರ್ಮಿಕರ ಕಡೆಯವರೂ ಇರುತ್ತಿದ್ದರು. ತಿರುಗಿ ಬಂದ ಮೇಲೆ ಕಂಡದ್ದನ್ನು ವರದಿ ಮಾಡಿ ಪ್ರಕಟಿಸುತ್ತಿದ್ದರು. ಜಪಾನ್ 1955ರಲ್ಲಿ ಜಪಾನ್ ಪ್ರೊಡಕ್ಟಿವಿಟಿ ಸೆಂಟರ್ ಸ್ಥಾಪಿಸಿ ಅಮೆರಿಕಕ್ಕೆ ತಂಡದ ಮೇಲೆ ತಂಡ ಕಳಿಸಿತು. ಇವತ್ತು ಯಾರ ಕಾರ್ಖಾನೆ ನೋಡಲು ಜಗತ್ತು ಸರತಿಯಲ್ಲಿ ನಿಂತಿದೆಯೋ, ಅವರೇ ಅಂದು ನೋಡಲು ಹೋದವರು.

ಅದಕ್ಕೂ ಮೊದಲು, 1950ರಲ್ಲಿ, ಟೊಯೊಟಾದ ಐಜಿ ಟೊಯೊಡಾ ಅಮೆರಿಕದಲ್ಲಿ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಗೆ ಹೋಗಿದ್ದರು. ಆ ಗಾತ್ರ, ಆ ಬಂಡವಾಳ ಟೊಯೊಟಾಕ್ಕೆ ಎಟುಕುವ ಮಾತೇ ಆಗಿರಲಿಲ್ಲ. ಆದರೆ ಕೆಲಸಗಾರರಿಂದ ಸಲಹೆ ಬರೆಸಿಕೊಳ್ಳುವ ಫೋರ್ಡ್‌ನ ಪದ್ಧತಿ ಅವರ ಕಣ್ಣಿಗೆ ಬಿತ್ತು. 1951ರಲ್ಲಿ ಅದು ಟೊಯೊಟಾದಲ್ಲಿ ಶುರುವಾಯಿತು, ಇಂದಿಗೂ ಇದೆ. ಆತಿಥೇಯರು ಹೆಮ್ಮೆಯಿಂದ ತೋರಿಸಿದ್ದು ಯಂತ್ರಗಳನ್ನು, ಅತಿಥಿ ಎತ್ತಿಕೊಂಡಿದ್ದು ತನ್ನ ಕೈಗೆ ಸಿಗುವಂಥ ಒಂದು ಪದ್ಧತಿಯನ್ನು. ಭೇಟಿಗೆ ಹೋಗುವವರಿಗೆ ಈ ಕಣ್ಣು ಇರಬೇಕು. ತರಬೇತಿ ಕಾರ್ಯಕ್ರಮ ಈ ಕಣ್ಣನ್ನು ತಿದ್ದಬೇಕು.

ಇನ್ನೊಂದು ಪ್ರಸಂಗ ಆಯ್ಕೆಯ ವಿಷಯಕ್ಕೆ ಇನ್ನೂ ಹತ್ತಿರದ್ದು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆ ಗೈರುಹಾಜರಿ, ಜಗಳ, ಕಳಪೆ ಗುಣಮಟ್ಟಕ್ಕೆ ಹೆಸರಾಗಿ 1982ರಲ್ಲಿ ಮುಚ್ಚಿತು. 1984ರಲ್ಲಿ ಜನರಲ್ ಮೋಟರ್ಸ್ ಮತ್ತು ಟೊಯೊಟಾ ಸೇರಿ ಅದನ್ನೇ ನಮ್ಮಿ ಎಂಬ ಹೆಸರಿನಲ್ಲಿ ಮತ್ತೆ ತೆರೆದವು. ಕೆಲಸಕ್ಕೆ ತೆಗೆದುಕೊಂಡಿದ್ದು ಬಹುಪಾಲು ಹಳೆಯ ಕಾರ್ಮಿಕರನ್ನೇ. ಟೀಮ್ ಲೀಡರ್‌ಗಳನ್ನು ತಂಡ ತಂಡವಾಗಿ ಜಪಾನಿನಲ್ಲಿರುವ ಟೊಯೊಟಾದ ತಕಾವೊಕಾ ಕಾರ್ಖಾನೆಗೆ ಕಳಿಸಿದರು. ಅಲ್ಲಿ ಅವರು ಗ್ಯಾಲರಿಯಲ್ಲಿ ನಿಂತು ನೋಡಲಿಲ್ಲ, ಲೈನಿನಲ್ಲಿ ಅಲ್ಲಿನವರ ಪಕ್ಕದಲ್ಲೇ ನಿಂತು ಕೆಲಸ ಮಾಡಿದರು. ತೊಂದರೆ ಕಂಡರೆ ಲೈನಿನ ಮೇಲೆ ತೂಗುವ ಹಗ್ಗ ಎಳೆದು ಸೂಚನೆ ಕೊಡುವುದು, ಎಳೆದ ಕೂಡಲೇ ಟೀಮ್ ಲೀಡರ್ ಬಂದು ಬೈಯದೆ ಸಹಾಯ ಮಾಡುವುದು, ಇದನ್ನು ಕೈಯಾರೆ ಮಾಡಿ ಬಂದರು. ಸ್ವಲ್ಪ ಕಾಲದಲ್ಲೇ ಫ್ರೀಮಾಂಟ್‌ನ ಗುಣಮಟ್ಟ ಜನರಲ್ ಮೋಟರ್ಸ್‌ನ ಬೇರೆ ಕಾರ್ಖಾನೆಗಳನ್ನು ಹಿಂದಿಕ್ಕಿತು. ಆದರೆ ನಮ್ಮಿಯಲ್ಲಿ ಕಲಿತ ಜನರಲ್ ಮೋಟರ್ಸ್ ಮ್ಯಾನೇಜರ್‌ಗಳು ಒಬ್ಬೊಬ್ಬರಾಗಿ ಕಂಪನಿಯ ಬೇರೆ ಬೇರೆ ಕಡೆ ಹಂಚಿಹೋದರು. ಸುತ್ತ ಇದ್ದ ಯಾರೂ ಅದನ್ನು ಕಂಡಿರಲಿಲ್ಲವಾದ್ದರಿಂದ ಅವರ ಮಾತು ನಡೆಯಲು ವರ್ಷಗಳೇ ಹಿಡಿದವು.

ಒಂದೇ ಕಲಿಕೆ, ಒಂದು ಕಡೆ ಬೇರು ಬಿಟ್ಟಿತು, ಇನ್ನೊಂದು ಕಡೆ ಇಲ್ಲ. ಒಬ್ಬರನ್ನೇ ದೂರದ ದುಬಾರಿ ಕೋರ್ಸಿಗೆ ಕಳಿಸುವ ಮೊದಲು ಕಂಪನಿಗಳು ಇದನ್ನು ನೆನಪಿಡುವುದು ಒಳ್ಳೆಯದು.

ಜಪಾನ್: ಸರ್ಕಾರದ ನೆರವಿನ ಕೋರ್ಸ್‌ಗಳು

ಉತ್ಪಾದನೆ, ಗುಣಮಟ್ಟ, ಕಾರ್ಖಾನೆಯ ದಿನನಿತ್ಯದ ನಿರ್ವಹಣೆ ನಿಮ್ಮ ತಲೆನೋವಾಗಿದ್ದರೆ ಮೊದಲು ನೋಡಬೇಕಾದದ್ದು ಎಒಟಿಎಸ್ ಸಂಸ್ಥೆಯ ಕೋರ್ಸ್‌ಗಳನ್ನು. 1959ರಲ್ಲಿ ಶುರುವಾದ ಈ ಸಂಸ್ಥೆ ಅಭಿವೃದ್ಧಿಶೀಲ ದೇಶಗಳ ಉದ್ಯಮಗಳ ಸಿಬ್ಬಂದಿಯನ್ನು ಜಪಾನಿಗೆ ಕರೆಸಿ ತರಬೇತಿ ಕೊಡುತ್ತ ಬಂದಿದೆ. ನಡುವೆ ಕೆಲವು ವರ್ಷ ಹಿಡಾ ಎಂಬ ಹೆಸರಿತ್ತು, 2017ರಿಂದ ಮತ್ತೆ ಎಒಟಿಎಸ್. ಟೋಕಿಯೊ ಮತ್ತು ಒಸಾಕಾದಲ್ಲಿ ಅದರ ವಾಸ್ತವ್ಯ ಸಹಿತ ತರಬೇತಿ ಕೇಂದ್ರಗಳಿವೆ. ಮ್ಯಾನೇಜ್‌ಮೆಂಟ್ ಕೋರ್ಸ್‌ಗಳು ಸಾಮಾನ್ಯವಾಗಿ ಎರಡು ವಾರದ ಆಸುಪಾಸು. ಉಪನ್ಯಾಸ, ಗುಂಪು ಅಭ್ಯಾಸ, ನಡುನಡುವೆ ಕಂಪನಿ ಭೇಟಿ, ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಕಂಪನಿಯಲ್ಲಿ ಮಾಡಬೇಕೆಂದಿರುವುದರ ಯೋಜನೆ ಮಂಡಿಸಬೇಕು. ಖರ್ಚಿನ ಒಂದು ಭಾಗವನ್ನು ಜಪಾನ್ ಸರ್ಕಾರ ಭರಿಸುತ್ತದೆ, ಉಳಿದದ್ದು ಕಳಿಸುವ ಕಂಪನಿಯದ್ದು.

ಇದರ ಬಲ ಇರುವುದು ಕ್ರಮದಲ್ಲಿ. ಬೆಳಿಗ್ಗೆ ತರಗತಿಯಲ್ಲಿ ಕೇಳಿದ್ದನ್ನು ಮರುದಿನ ಕಾರ್ಖಾನೆಯಲ್ಲಿ ಕಾಣುತ್ತೀರಿ, ಸಂಜೆ ಬೇರೆ ಬೇರೆ ದೇಶಗಳ ಸಹಪಾಠಿಗಳ ಜೊತೆ ಅದನ್ನೇ ಚರ್ಚಿಸುತ್ತೀರಿ. ಒಂದೇ ಕಟ್ಟಡದಲ್ಲಿ ಉಳಿದು ಒಂದೇ ಊಟದ ಹಾಲ್‌ನಲ್ಲಿ ಕೂರುವುದರಿಂದ ಈ ಚರ್ಚೆ ರಾತ್ರಿಯವರೆಗೂ ಎಳೆಯುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ ಎರಡು ವಾರದ ಕೋರ್ಸಿನ ಅರ್ಧ ಬೆಲೆ ಆ ಸಂಜೆಗಳಲ್ಲೇ ಇದೆ.

ಮಿತಿ ಭಾಷೆಯದ್ದು. ಅನೇಕ ಉಪನ್ಯಾಸಕರು ಜಪಾನಿ ಭಾಷೆಯಲ್ಲಿ ಮಾತಾಡುತ್ತಾರೆ, ದುಭಾಷಿ ಒಂದೊಂದು ಭಾಗ ಮುಗಿದ ಮೇಲೆ ಇಂಗ್ಲಿಷ್‌ನಲ್ಲಿ ಹೇಳುತ್ತಾರೆ. ಎರಡು ಗಂಟೆಯ ತರಗತಿಯಲ್ಲಿ ನಿಮ್ಮ ಕಿವಿಗೆ ಬೀಳುವುದು ಒಂದು ಗಂಟೆಯ ಸರಕು. ಇದು ದೋಷವಲ್ಲ, ಬರೆದುಕೊಳ್ಳಲು ಯೋಚಿಸಲು ಬಿಡುವೂ ಸಿಗುತ್ತದೆ. ಆದರೆ ಎರಡು ವಾರ ಎಂದರೆ ಎರಡು ವಾರದಷ್ಟು ವಿಷಯ ಎಂದು ಲೆಕ್ಕ ಹಾಕಬೇಡಿ.

ಜಪಾನಿ ಕಂಪನಿಯ ಜೊತೆ ನಿಮಗೆ ಮೊದಲೇ ಸಂಬಂಧ ಇದ್ದರೆ, ಅಂದರೆ ಅವರ ಅಂಗಸಂಸ್ಥೆಯೋ ಸರಬರಾಜುದಾರರೋ ಆಗಿದ್ದರೆ, ಇದೇ ಸಂಸ್ಥೆಯಲ್ಲಿ ಇನ್ನೊಂದು ದಾರಿ ಇದೆ. ಮೊದಲು ಆರು ವಾರ ಅಥವಾ ಹದಿಮೂರು ವಾರ ಜಪಾನಿ ಭಾಷೆ, ಆಮೇಲೆ ಆ ಕಂಪನಿಯ ಒಳಗೇ ತಿಂಗಳುಗಟ್ಟಲೆ ತಾಂತ್ರಿಕ ತರಬೇತಿ. ಹಿರಿಯ ಅಧಿಕಾರಿಗೆ ಅಷ್ಟು ಬಿಡುವಿರುವುದಿಲ್ಲ. ಆದರೆ ಮೂವತ್ತರ ಒಳಗಿನ ಒಬ್ಬ ಒಳ್ಳೆಯ ಎಂಜಿನಿಯರ್ ಇದ್ದರೆ, ಮೇಲಧಿಕಾರಿಯನ್ನು ಎರಡು ವಾರ ಕಳಿಸುವುದಕ್ಕಿಂತ ಆ ಎಂಜಿನಿಯರ್‌ನನ್ನು ಹೀಗೆ ಕಳಿಸುವುದೇ ಮೇಲು ಎನ್ನುತ್ತೇನೆ. ತಕಾವೊಕಾಗೆ ಹೋದವರಿಗೆ ಸಿಕ್ಕ ಅನುಭವಕ್ಕೆ ಅತ್ಯಂತ ಹತ್ತಿರದ್ದು ಇದೇ.

ಯುರೋಪಿನ ಒಕ್ಕೂಟದ ಕಂಪನಿಗಳಿಗೆ ಇಂಥದ್ದೇ ಅನುಕೂಲ ಇಯು-ಜಪಾನ್ ಸೆಂಟರ್‌ನಲ್ಲಿದೆ. ಯುರೋಪಿಯನ್ ಕಮಿಷನ್ ಮತ್ತು ಜಪಾನ್ ಸರ್ಕಾರ ಸೇರಿ 1987ರಲ್ಲಿ ಸ್ಥಾಪಿಸಿದ್ದು, ಟೋಕಿಯೊ ಮತ್ತು ಬ್ರಸೆಲ್ಸ್‌ನಲ್ಲಿ ಕಚೇರಿಗಳಿವೆ.  ಏಷ್ಯಾದವರಿಗೆ 1961ರಿಂದ ಇರುವ ಏಷ್ಯನ್ ಪ್ರೊಡಕ್ಟಿವಿಟಿ ಆರ್ಗನೈಸೇಷನ್ ಇದೆ. ಸದಸ್ಯ ದೇಶಗಳಿಂದ ಆಯ್ದವರನ್ನು ಬೇರೊಂದು ದೇಶಕ್ಕೆ ಅಧ್ಯಯನಕ್ಕೆ ಕರೆದೊಯ್ಯುತ್ತದೆ, ಅರ್ಜಿ ನಿಮ್ಮ ದೇಶದ ಉತ್ಪಾದಕತಾ ಸಂಸ್ಥೆಯ ಮೂಲಕ ಹೋಗಬೇಕು. ಸೀಟು ಕಡಿಮೆ.

ಜರ್ಮನಿ: ವ್ಯಾಪಾರ ಮುಂದಿಟ್ಟುಕೊಂಡ ತರಬೇತಿ

ಜರ್ಮನಿಯ ಆರ್ಥಿಕ ವ್ಯವಹಾರಗಳ ಸಚಿವಾಲಯದ ಮ್ಯಾನೇಜರ್ ತರಬೇತಿ ಕಾರ್ಯಕ್ರಮದ ಗುರಿಯೇ ಬೇರೆ. ಅದನ್ನು ನಡೆಸುವುದು ಜರ್ಮನ್ ಸರ್ಕಾರದ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆ ಜಿಐಜೆಡ್, ಹೆಸರು 'ಪಾರ್ಟ್ನರಿಂಗ್ ಇನ್ ಬಿಸಿನೆಸ್ ವಿತ್ ಜರ್ಮನಿ'. ಇಲ್ಲಿ ಸಣ್ಣ ಮತ್ತು ಮಧ್ಯಮ ಕಂಪನಿಗಳ ಮಾಲೀಕರು, ನಿರ್ಧಾರ ತೆಗೆದುಕೊಳ್ಳುವ ಸ್ಥಾನದಲ್ಲಿರುವ ಮ್ಯಾನೇಜರ್‌ಗಳು ಮಾತ್ರ ಬೇಕು. ಅರ್ಜಿಯಲ್ಲೇ ಜರ್ಮನ್ ಕಂಪನಿಗಳ ಜೊತೆ ಏನು ಮಾಡಬೇಕೆಂದಿದ್ದೀರಿ ಎಂಬ ಖಚಿತ ಯೋಜನೆ ಕೇಳುತ್ತಾರೆ, ಸಂದರ್ಶನ ಮಾಡುತ್ತಾರೆ, ಹೊರಡುವ ಮೊದಲು ತಯಾರಿ ನಡೆಯುತ್ತದೆ. ಜರ್ಮನಿಯಲ್ಲಿರುವ ಕೆಲವು ವಾರಗಳಲ್ಲಿ ತರಗತಿ ಮತ್ತು ಗುಂಪು ಭೇಟಿಗಳ ಜೊತೆ, ಪ್ರತಿಯೊಬ್ಬರೂ ತಾವೇ ಗೊತ್ತುಮಾಡಿಕೊಂಡ ಕಂಪನಿಗಳನ್ನು ಕಾಣಲು ದಿನಗಳನ್ನು ಬಿಟ್ಟುಕೊಡುತ್ತಾರೆ. ತರಬೇತಿ ಮತ್ತು ವಾಸ್ತವ್ಯದ ಖರ್ಚನ್ನು ಸಾಮಾನ್ಯವಾಗಿ ಜರ್ಮನ್ ಕಡೆಯವರು ನೋಡಿಕೊಳ್ಳುತ್ತಾರೆ, ವಿಮಾನದ ಖರ್ಚು ಹೋಗುವವರದ್ದು.

ನನ್ನ ಅಳತೆಗೋಲಿನಲ್ಲಿ ಅತಿ ಹೆಚ್ಚು ಅಂಕ ಪಡೆಯುವುದು ಈ ಬಿಡುವಿನ ದಿನಗಳು. ಗುಂಪಿನಲ್ಲಿ ಹೋದಾಗ ನೀವು ಇಪ್ಪತ್ತು ಜನರಲ್ಲಿ ಒಬ್ಬರು. ಒಬ್ಬರೇ ಹೋಗಿ ಮಾಲೀಕನ ಎದುರು ಕೂತಾಗ ಎರಡು ಗಂಟೆ ಪೂರ್ತಿ ನಿಮ್ಮದು. ಆದರೆ ಈ ದಿನಗಳು ತಾವಾಗಿ ತುಂಬಿಕೊಳ್ಳುವುದಿಲ್ಲ. ಊರಿಂದಲೇ ಪತ್ರ ಬರೆದು, ನಿಮ್ಮ ಉತ್ಪನ್ನ ಏನು, ಅವರಿಂದ ಏನು ಬೇಕು, ಅವರಿಗೆ ಏನು ಲಾಭ ಎಂದು ಒಂದು ಪುಟದಲ್ಲಿ ತಿಳಿಸಿ, ಎರಡು ತಿಂಗಳು ಮೊದಲೇ ದಿನಾಂಕ ಹಿಡಿದಿರಬೇಕು. ಅಲ್ಲಿಗೆ ಹೋದ ಮೇಲೆ ಫೋನ್ ಮಾಡಿದರಾಯಿತು ಎಂದುಕೊಂಡವರಿಗೆ ಆ ದಿನಗಳು ಊರು ಸುತ್ತುವುದರಲ್ಲೇ ಮುಗಿಯುತ್ತವೆ.

ಜರ್ಮನಿಯಲ್ಲಿ ನೋಡಲೇಬೇಕಾದದ್ದು ದೊಡ್ಡ ಕಾರು ಕಾರ್ಖಾನೆಯಲ್ಲ. ಹರ್ಮನ್ ಸೈಮನ್ ಎಂಬ ಜರ್ಮನ್ ವಿದ್ವಾಂಸರು ದಶಕಗಳಿಂದ ಅಧ್ಯಯನ ಮಾಡುತ್ತ ಬಂದಿರುವ, ಜನಕ್ಕೆ ಹೆಸರೇ ಗೊತ್ತಿಲ್ಲದ ಆದರೆ ತಮ್ಮ ಸಣ್ಣ ಮಾರುಕಟ್ಟೆಯಲ್ಲಿ ಜಗತ್ತಿಗೇ ಮುಂದಿರುವ ಮಧ್ಯಮ ಗಾತ್ರದ ಕಂಪನಿಗಳಿವೆಯಲ್ಲ, ಅವು. ಅನೇಕವು ಕುಟುಂಬದ ಒಡೆತನದವು, ಸಣ್ಣ ಪಟ್ಟಣಗಳಲ್ಲಿರುವವು. ಅಂಥ ಕಡೆ ಹೋದಾಗ ಅಪ್ರೆಂಟಿಸ್‌ಗಳ ವರ್ಕ್‌ಶಾಪ್ ತೋರಿಸಿ ಎಂದು ಕೇಳಿ. ವಾರದಲ್ಲಿ ಮೂರ್ನಾಲ್ಕು ದಿನ ಕಂಪನಿಯಲ್ಲಿ ಕೆಲಸ, ಉಳಿದ ದಿನ ವೃತ್ತಿ ಶಾಲೆಯಲ್ಲಿ ಪಾಠ, ಹೀಗೆ ಎರಡರಿಂದ ಮೂರೂವರೆ ವರ್ಷ ನಡೆಯುವ ವ್ಯವಸ್ಥೆ ಅದು. ಅಲ್ಲಿನ ಗುಣಮಟ್ಟ ಎಲ್ಲಿಂದ ಬರುತ್ತದೆ ಎಂಬುದು ಅಸೆಂಬ್ಲಿ ಲೈನಿಗಿಂತ ಚೆನ್ನಾಗಿ ಅಲ್ಲಿ ಗೊತ್ತಾಗುತ್ತದೆ.

ನಿಮಗೆ ಜರ್ಮನಿಯಿಂದ ಕೊಳ್ಳುವುದೂ ಇಲ್ಲ, ಅಲ್ಲಿಗೆ ಮಾರುವುದೂ ಇಲ್ಲ ಎಂದಾದರೆ ಈ ಕಾರ್ಯಕ್ರಮ ನಿಮ್ಮದಲ್ಲ. ಬರೀ ಕಲಿಕೆಗೆ ಹೋಗುವವರು ಇದರಲ್ಲಿ ಆಯ್ಕೆಯಾಗುವುದೂ ಕಷ್ಟ.

ಬಿಸಿನೆಸ್ ಸ್ಕೂಲ್

ಹಾರ್ವರ್ಡ್‌ನ ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ 1945ರಿಂದ ನಡೆಯುತ್ತಿದೆ, ಶುಲ್ಕ 80,000 ಡಾಲರ್‌ಗೂ ಮೇಲೆ. ಇನ್‌ಸೀಡ್ ಪ್ಯಾರಿಸ್ ಹತ್ತಿರದ ಫೌಂಟನ್‌ಬ್ಲೋ ಜೊತೆಗೆ ಸಿಂಗಾಪುರದಲ್ಲೂ ಇದೆ. ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಐಎಂಡಿ ಇದೆ. ಇಲ್ಲಿ ಕಲಿಸುವುದು ಕಾರ್ಖಾನೆ ನಡೆಸುವುದನ್ನಲ್ಲ, ಕಂಪನಿ ನಡೆಸುವುದನ್ನು: ಬಂಡವಾಳವನ್ನು ಎಲ್ಲಿ ಹಾಕಬೇಕು, ಯಾವ ವ್ಯವಹಾರ ಬಿಡಬೇಕು, ತಾನು ಎಂಥ ನಾಯಕ. ಕಂಪನಿ ಭೇಟಿ ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಕಂಪನಿಯನ್ನು ಕೇಸ್ ಸ್ಟಡಿಯ ಮೂಲಕ ತರಗತಿಗೇ ತರುತ್ತಾರೆ.

ಇನ್ನು ಕೆಲವು ವರ್ಷಗಳಲ್ಲಿ ಇಡೀ ಕಂಪನಿಯನ್ನೋ ದೊಡ್ಡ ವಿಭಾಗವನ್ನೋ ವಹಿಸಿಕೊಳ್ಳಲಿರುವ ಒಬ್ಬರಿಗೆ ಇದು ಸಾರ್ಥಕ. ಅವರ ಪಕ್ಕದಲ್ಲಿ ಕೂತಿರುವವರು ಅದೇ ಹೊಣೆ ಹೊತ್ತವರು, ಬೇರೆ ಉದ್ಯಮದವರು, ಬೇರೆ ದೇಶದವರು. ಹಾಗಾಗಿ ಎದುರುಬದುರು ಮಾತಾಡುವ ಹೊತ್ತು ಧಾರಾಳ. ಉತ್ಪಾದನಾ ವಿಭಾಗದ ಮುಖ್ಯಸ್ಥರನ್ನು ಬಹುಮಾನವೆಂಬಂತೆ ಇಲ್ಲಿಗೆ ಕಳಿಸುವ ರೂಢಿ ಕೆಲವೆಡೆ ಇದೆ. ಗೌರವ ಸಿಗುತ್ತದೆ, ಸಂತೋಷವಾಗುತ್ತದೆ, ಆದರೆ ಲೈನಿನ ಸಮಸ್ಯೆ ಇದ್ದಲ್ಲೇ ಇರುತ್ತದೆ.

ಖಾಸಗಿ ಅಧ್ಯಯನ ಪ್ರವಾಸ

ಇಲ್ಲಿ ಎಚ್ಚರ ಹೆಚ್ಚು ಬೇಕು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ವಾರದ ಪ್ರವಾಸ, ದಿನಕ್ಕೆ ಎರಡು ಕಂಪನಿ, ಇಪ್ಪತ್ತು ಜನರ ಗುಂಪು ಎಂದಿಟ್ಟುಕೊಳ್ಳಿ. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಒಂದು ಕಾರ್ಖಾನೆ. ಗೇಟಿನಲ್ಲಿ ಬ್ಯಾಡ್ಜ್, ಮೀಟಿಂಗ್ ರೂಮಿನಲ್ಲಿ ಸ್ವಾಗತ, ಕಂಪನಿಯ ವಿಡಿಯೋ: ಅರ್ಧ ಗಂಟೆ. ಶೂ, ಹೆಲ್ಮೆಟ್, ಕಿವಿಗೆ ರೇಡಿಯೋ ರಿಸೀವರ್ ಹಾಕಿಕೊಂಡು ಹಳದಿ ಗೆರೆಯ ಒಳಗೆ ಸಾಲಾಗಿ ನಡೆಯುವುದು: ಮುಕ್ಕಾಲು ಗಂಟೆ. ತಿರುಗಿ ಬಂದು ಪ್ರಶ್ನೋತ್ತರ: ಅರ್ಧ ಗಂಟೆ. ಉಡುಗೊರೆ, ಗುಂಪು ಫೋಟೊ: ಕಾಲು ಗಂಟೆ. ಆ ಅರ್ಧ ಗಂಟೆಯ ಪ್ರಶ್ನೋತ್ತರದಲ್ಲಿ ಪ್ರತಿ ಮಾತೂ ದುಭಾಷಿಯ ಬಾಯಲ್ಲಿ ಇನ್ನೊಮ್ಮೆ ಬರಬೇಕು, ಅಲ್ಲಿಗೆ ಉಳಿದದ್ದು ಹದಿನೈದು ನಿಮಿಷ. ಇಪ್ಪತ್ತು ಜನರಿಗೆ ಹಂಚಿದರೆ ಒಬ್ಬರಿಗೆ ಒಂದು ನಿಮಿಷವೂ ಇಲ್ಲ.

ದಿನಕ್ಕೆ ಒಂದೇ ಕಂಪನಿ, ಎಂಟು ಹತ್ತು ಜನ, ಕಾರ್ಖಾನೆಯನ್ನು ಎರಡು ಸಲ ಸುತ್ತುವ ಏರ್ಪಾಡು ಎಂದಾದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಮೊದಲ ಸುತ್ತಿನಲ್ಲಿ ಕಣ್ಣಿಗೆ ಬೀಳುವುದು ಸ್ವಚ್ಛತೆ, ರೋಬೋಟ್, ಬಣ್ಣದ ಬೋರ್ಡ್. ಊಟದ ನಂತರ ಎರಡನೇ ಸುತ್ತಿನಲ್ಲೇ ಕೆಲಸ ಕಾಣತೊಡಗುವುದು. ಯಾವ ಟ್ರಾಲಿ ಖಾಲಿ ಬಂತು, ಬೋರ್ಡಿನಲ್ಲಿ ಇವತ್ತಿನ ದಿನಾಂಕ ಇದೆಯೋ ಹೋದ ತಿಂಗಳಿನದ್ದೋ, ತೊಂದರೆ ಸೂಚಿಸುವ ಹಳದಿ ದೀಪ ಹತ್ತಿದಾಗ ಯಾರು ಎಲ್ಲಿಂದ ಬಂದರು ಎಂಬುದೆಲ್ಲ ಆಗ ತಿಳಿಯುತ್ತದೆ. ಇಂಥ ಪ್ರವಾಸ ನಡೆಸುವ ಖಾಸಗಿಯವರೂ ಇದ್ದಾರೆ. ಬಹುಪಾಲು ಅವರು ಹಿಂದೆ ಅಂಥ ಕಾರ್ಖಾನೆಯಲ್ಲೇ ದುಡಿದವರು, ಸಂಜೆ ಗುಂಪನ್ನು ಕೂರಿಸಿಕೊಂಡು ಕಂಡದ್ದನ್ನು ಬಿಡಿಸಿ ಹೇಳಬಲ್ಲವರು. ದುಡ್ಡು ಹೆಚ್ಚಾದರೂ ಅಂಥವರ ಜೊತೆಗೇ ಹೋಗಿ.

ಹಣ ಕಟ್ಟುವ ಮೊದಲು ಆಯೋಜಕರನ್ನು ಕೇಳಬೇಕಾದದ್ದು ಹೀಗೆ. ಭೇಟಿ ಖಚಿತವಾಗಿರುವ ಕಂಪನಿಗಳು ಯಾವುವು, 'ಅಥವಾ ಅಂಥದ್ದೇ ಇನ್ನೊಂದು' ಎಂದಿರುವುದು ಎಷ್ಟು? ನಮ್ಮನ್ನು ಎದುರುಗೊಳ್ಳುವವರ ಹುದ್ದೆ ಏನು? ದುಭಾಷಿಗೆ ಉತ್ಪಾದನೆಯ ಪರಿಭಾಷೆ ಗೊತ್ತೇ? ನಮ್ಮ ಪ್ರಶ್ನೆಗಳನ್ನು ಮೊದಲೇ ಕಳಿಸಬಹುದೇ? ಹೋದ ಸಲ ಹೋಗಿಬಂದ ಒಬ್ಬರ ಜೊತೆ ಮಾತಾಡಿಸುತ್ತೀರಾ? ಕೊನೆಯ ಪ್ರಶ್ನೆಗೆ ಸಲೀಸಾಗಿ ಹೂಂ ಎನ್ನುವವರು ನಂಬಿಕಸ್ಥರು.

ಇನ್ನೊಂದು ಮಾತು. ಪ್ಯಾಕೇಜಿನ ಪಟ್ಟಿಯಲ್ಲಿ ಮ್ಯೂಸಿಯಂ ಇದ್ದರೆ ಅದು ಯಾರಿಗೂ ತೆರೆದಿರುವ ಜಾಗ ಎಂದು ತಿಳಿದಿರಲಿ. ಹಾಗಂತ ಬಿಟ್ಟುಬಿಡಬೇಡಿ. ನಗೋಯಾದಲ್ಲಿ 1994ರಲ್ಲಿ ತೆರೆದ ಟೊಯೊಟಾ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಸಾಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಜಿ ಮಾದರಿಯ ಸ್ವಯಂಚಾಲಿತ ಮಗ್ಗವಿದೆ. ಹಾಸಿನ ಒಂದು ಎಳೆ ಕಡಿದರೂ ಮಗ್ಗ ತಾನಾಗಿ ನಿಲ್ಲುತ್ತದೆ, ಕೆಟ್ಟ ಬಟ್ಟೆ ನೇಯುವುದಿಲ್ಲ, ಹಾಗಾಗಿ ಒಬ್ಬರೇ ಅನೇಕ ಮಗ್ಗ ನೋಡಿಕೊಳ್ಳಬಹುದು. ತಪ್ಪು ಕಂಡಲ್ಲೇ ನಿಲ್ಲಿಸು ಎಂಬ ಟೊಯೊಟಾ ಪದ್ಧತಿಯ ಮೂಲ ಅಲ್ಲಿದೆ. ಕಾರ್ಖಾನೆಗೆ ಹೋಗುವ ಹಿಂದಿನ ದಿನ ಇದನ್ನು ನೋಡಿದರೆ ಮರುದಿನ ಲೈನಿನಲ್ಲಿ ತೂಗುವ ಹಗ್ಗದ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ.

ಸ್ವಂತ ಏರ್ಪಾಡು

ಯಂತ್ರ ಮಾರಿದವರು, ಕಚ್ಚಾವಸ್ತು ಕೊಡುವವರು, ನಿಮ್ಮಿಂದ ಕೊಳ್ಳುವವರು ವಿದೇಶದಲ್ಲಿದ್ದರೆ ಅವರನ್ನೇ ಕೇಳಿ. ಯಂತ್ರ ಕಂಪನಿಗೆ ತನ್ನ ಒಳ್ಳೆಯ ಗ್ರಾಹಕರ ಕಾರ್ಖಾನೆ ತೋರಿಸುವುದರಲ್ಲಿ ಲಾಭವಿದೆ, ಆ ಗ್ರಾಹಕರು ನಿಮ್ಮ ಪ್ರತಿಸ್ಪರ್ಧಿಗಳಲ್ಲದಿದ್ದರೆ ಬಾಗಿಲು ಸುಲಭವಾಗಿ ತೆರೆಯುತ್ತದೆ. ಗುಂಪಿಲ್ಲ, ಎದುರಿಗೆ ಕೂರುವವರು ನಿಮ್ಮದೇ ಯಂತ್ರ ನಡೆಸುವವರು. ಎಲ್ಲ ದಾರಿಗಳಲ್ಲಿ ಅತಿ ಕಡಿಮೆ ಖರ್ಚಿನದ್ದೂ, ಅತಿ ಕಡಿಮೆ ಜನ ಹಿಡಿಯುವುದೂ ಇದೇ.

ವ್ಯಾಪಾರ ಮೇಳದ ಜೊತೆ ಹೊಂದಿಸಿಕೊಳ್ಳುವುದು ರೂಢಿ. 1947ರಿಂದ ನಡೆಯುತ್ತಿರುವ ಹ್ಯಾನೋವರ್ ಮೇಳ ಪ್ರತಿ ವಸಂತದಲ್ಲಿ ಬರುತ್ತದೆ. ಪ್ಲಾಸ್ಟಿಕ್‌ಗೆ ಡ್ಯುಸೆಲ್ಡಾರ್ಫ್‌ನ ಕೆ ಮೇಳ ಮೂರು ವರ್ಷಕ್ಕೊಮ್ಮೆ, ಜವಳಿ ಯಂತ್ರಗಳಿಗೆ ಯುರೋಪಿನ ಇಟ್ಮಾ ನಾಲ್ಕು ವರ್ಷಕ್ಕೊಮ್ಮೆ, ಮಷಿನ್ ಟೂಲ್‌ಗೆ ಟೋಕಿಯೊದ ಜಿಮ್‌ಟಾಫ್ ಎರಡು ವರ್ಷಕ್ಕೊಮ್ಮೆ. ಆದರೆ ಮೇಳ ನಡೆಯುವ ವಾರವೇ ಕಾರ್ಖಾನೆಗೆ ಹೋಗಬೇಡಿ. ನಿಮಗೆ ಬೇಕಾದ ಎಂಜಿನಿಯರ್‌ಗಳೆಲ್ಲ ಮೇಳದ ಸ್ಟಾಲಿನಲ್ಲಿರುತ್ತಾರೆ. ಮೇಳದಲ್ಲಿ ಪರಿಚಯ ಮಾಡಿಕೊಂಡು ಮುಂದಿನ ವಾರ ಭೇಟಿ ಇಟ್ಟುಕೊಳ್ಳಿ.

ಆನ್‌ಲೈನ್ ತರಬೇತಿ, ವರ್ಚುವಲ್ ಕಾರ್ಖಾನೆ ಭೇಟಿ ಉಪನ್ಯಾಸಕ್ಕೆ ಸಾಕು, ತಯಾರಿಗೆ ಬಹಳ ಒಳ್ಳೆಯದು. ಕ್ಯಾಮೆರಾ ತೋರಿಸಿದ್ದನ್ನಷ್ಟೇ ನೋಡಬೇಕಾಗುವುದರಿಂದ ಭೇಟಿಯ ಜಾಗ ಅದು ತುಂಬದು.

ಯಾರನ್ನು, ಎಷ್ಟು ಜನರನ್ನು, ಯಾವಾಗ

ಒಬ್ಬರನ್ನು ಬಿಸಿನೆಸ್ ಸ್ಕೂಲಿಗೆ ಕಳಿಸುವ ಹಣದಲ್ಲಿ ಮೂವರನ್ನು ಎರಡು ವಾರದ ಕೋರ್ಸಿಗೆ ಕಳಿಸಿಯೂ ಹಣ ಉಳಿಯುತ್ತದೆ. ಉತ್ಪಾದನೆಯ ಸಮಸ್ಯೆಗಾದರೆ ನಾನು ಮೂವರನ್ನೇ ಆರಿಸುತ್ತೇನೆ: ನಿರ್ಧಾರ ತೆಗೆದುಕೊಳ್ಳಬಲ್ಲ ಒಬ್ಬರು, ಲೈನ್ ನಡೆಸುವ ಒಬ್ಬರು, ಗುಣಮಟ್ಟ ಅಥವಾ ಮೇಂಟೆನೆನ್ಸ್‌ನ ಒಬ್ಬರು. ಕಾರ್ಮಿಕ ಸಂಘವಿದ್ದರೆ ಅದರ ಒಬ್ಬ ಮುಖಂಡರನ್ನೂ ಸೇರಿಸಿ, ಬ್ರಿಟನ್ನಿನವರು ಮಾಡಿದ್ದು ಅದನ್ನೇ. ಹೊಸ ಪದ್ಧತಿ ಬಂದಾಗ 'ಅಲ್ಲಿ ಜನರನ್ನು ಹಿಂಡುತ್ತಾರೋ ಏನೋ' ಎಂಬ ಅನುಮಾನಕ್ಕೆ ಕಣ್ಣಾರೆ ಕಂಡ ಮುಖಂಡರು ಕೊಡುವ ಉತ್ತರದ ತೂಕವೇ ಬೇರೆ.

ಕಾಲದ ವಿಷಯದಲ್ಲಿ: ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್, ಆಗಸ್ಟ್ ನಡುವಿನ ಓಬೊನ್ ಹಬ್ಬ, ವರ್ಷದ ಕೊನೆ ಮತ್ತು ಮೊದಲ ದಿನಗಳಲ್ಲಿ ಕಾರ್ಖಾನೆಗಳು ಮುಚ್ಚಿರುತ್ತವೆ. ಏಪ್ರಿಲ್‌ನಲ್ಲಿ ಹೊಸ ಆರ್ಥಿಕ ವರ್ಷ, ವರ್ಗಾವಣೆಗಳ ಕಾಲ, ನಿಮ್ಮ ಜೊತೆ ಪತ್ರ ವ್ಯವಹಾರ ಮಾಡುತ್ತಿದ್ದವರು ಬೇರೆಡೆ ಹೋಗಿರಬಹುದು. ಜರ್ಮನಿಯಲ್ಲಿ ಬೇಸಿಗೆ ರಜೆಯ ತಿಂಗಳುಗಳಲ್ಲಿ ಮೇಲಧಿಕಾರಿಗಳು ಸಿಗುವುದು ಕಷ್ಟ. ಜರ್ಮನಿ ಸೇರಿ ಯುರೋಪಿನ ಬಹುಪಾಲು ದೇಶಗಳಿಗೆ ಸಲ್ಲುವ ಷೆಂಗೆನ್ ವೀಸಾದಲ್ಲಿ 180 ದಿನಗಳ ಅವಧಿಯೊಳಗೆ 90 ದಿನ ಮಾತ್ರ ಇರಬಹುದು, ಕನಿಷ್ಠ 30,000 ಯುರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ, ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. ಕಂಪನಿಯ ಆಮಂತ್ರಣ ಪತ್ರ ಕೈಗೆ ಬಂದ ದಿನವೇ ಅರ್ಜಿ ಹಾಕಿ. ವ್ಯಾಪಾರ ಭೇಟಿಯ ವೀಸಾದಲ್ಲಿ ನೋಡಬಹುದು, ಮಾತಾಡಬಹುದು, ಲೈನಿನಲ್ಲಿ ಕೆಲಸ ಮಾಡುವಂತಿಲ್ಲ. ಕೈಯಾರೆ ಕಲಿಯುವ ತರಬೇತಿಗೆ ಅದಕ್ಕೆ ತಕ್ಕ ವೀಸಾನೇ ಬೇಕು.

ಹೊರಡುವ ಮುನ್ನ, ಬಂದ ಮೇಲೆ

ಯಾವ ಕಾರ್ಯಕ್ರಮವನ್ನೇ ಆರಿಸಿ, ಪ್ರಶ್ನೆಗಳು ಊರಲ್ಲೇ ತಯಾರಾಗಬೇಕು. 'ನಿಮ್ಮ ಗುಣಮಟ್ಟದ ಗುಟ್ಟೇನು' ಎಂದು ಕೇಳಿದರೆ ಬ್ರೋಷರಿನ ಉತ್ತರವೇ ಬರುತ್ತದೆ. 'ನಿನ್ನೆ ಈ ಲೈನ್ ಎಷ್ಟು ಸಲ ನಿಂತಿತು, ಅತಿ ಹೆಚ್ಚು ಹೊತ್ತು ನಿಂತಿದ್ದು ಯಾತಕ್ಕೆ?' ಎಂದು ಕೇಳಿ. 'ಹೊಸಬರನ್ನು ಈ ಸ್ಟೇಷನ್‌ನಲ್ಲಿ ಒಬ್ಬರೇ ಕೆಲಸ ಮಾಡಲು ಬಿಡುವುದು ಎಷ್ಟು ದಿನಕ್ಕೆ, ಅವರು ತಯಾರಾಗಿದ್ದಾರೆಂದು ಸಹಿ ಹಾಕುವವರು ಯಾರು?' ಎಂದು ಕೇಳಿ. 'ಮಾಡಲು ಹೋಗಿ ಕೈಬಿಟ್ಟದ್ದು ಏನಾದರೂ ಇದೆಯೇ?' ಎಂದು ಕೇಳಿ. ಅಂಕಿ ಹೇಳಲಾಗದು ಎಂದರೆ ಒತ್ತಾಯಿಸಬೇಡಿ, ಫೋಟೊ ಬೇಡ ಎಂದಲ್ಲಿ ಫೋನ್ ಹೊರಗೆ ತೆಗೆಯಬೇಡಿ. ಒಂದು ಗುಂಪು ನಡೆದುಕೊಂಡ ರೀತಿಯಿಂದ ಮುಂದಿನ ಗುಂಪಿಗೆ ಬಾಗಿಲು ಮುಚ್ಚಿಹೋಗುತ್ತದೆ.

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ನಾಲ್ಕು ಹಂತದಲ್ಲಿ ಅಳೆಯಬೇಕು ಎಂದರು: ಹೋದವರಿಗೆ ಇಷ್ಟವಾಯಿತೇ, ಏನಾದರೂ ಕಲಿತರೇ, ಕೆಲಸದ ರೀತಿ ಬದಲಾಯಿತೇ, ಫಲ ಬಂತೇ. ಬಹುತೇಕ ಕಂಪನಿಗಳ ಫೀಡ್‌ಬ್ಯಾಕ್ ಫಾರಂ ಮೊದಲ ಹಂತದಲ್ಲೇ ಮುಗಿಯುತ್ತದೆ. ವಿದೇಶ ಪ್ರವಾಸ ಯಾರಿಗೆ ಇಷ್ಟವಾಗುವುದಿಲ್ಲ? ಮೂರನೇ ಹಂತವನ್ನು ನೋಡಬೇಕಾದರೆ ಹೋಗುವ ಮೊದಲೇ ಒಂದು ಲೈನ್, ಒಂದು ಅಂಕಿ, ಒಬ್ಬ ಹೊಣೆಗಾರರು ಗೊತ್ತಾಗಿರಬೇಕು. ಉದಾಹರಣೆಗೆ, ಇಂಥ ಯಂತ್ರದಲ್ಲಿ ಡೈ, ಅಂದರೆ ಅಚ್ಚು, ಬದಲಿಸಲು ಈಗ ಎಷ್ಟು ನಿಮಿಷ ಹಿಡಿಯುತ್ತಿದೆ ಎಂದು ಅಳೆದು ಬರೆದಿಟ್ಟುಕೊಂಡು ಹೊರಡಿ. ಬಂದ ಮೊದಲ ವಾರದಲ್ಲೇ ಹೋದವರು ಲೈನಿನ ಜನರನ್ನು ಕೂರಿಸಿ ಕಂಡದ್ದನ್ನು ಹೇಳಲಿ, ಪವರ್‌ಪಾಯಿಂಟ್ ಬೇಡ, ಯಂತ್ರದ ಪಕ್ಕದಲ್ಲೇ ನಿಂತು ಹೇಳಲಿ. ಮೂರು ತಿಂಗಳ ನಂತರ ಅದೇ ಯಂತ್ರದಲ್ಲಿ ಮತ್ತೆ ಅಳೆಯಿರಿ. ಆ ಅಂಕಿಯನ್ನು ಭೇಟಿ ಕೊಟ್ಟ ಕಂಪನಿಗೂ ಒಂದು ಪತ್ರದಲ್ಲಿ ತಿಳಿಸಿ. ಎರಡನೇ ಸಲ ಹೋಗಬೇಕೆಂದಾಗ ಗುಂಪಿಲ್ಲದೆ, ಆಯೋಜಕರಿಲ್ಲದೆ, ನೇರವಾಗಿ ಬನ್ನಿ ಎನ್ನುವುದು ಇಂಥ ಪತ್ರ ಬರೆದವರಿಗೇ.